ಪಪ್ಪಾಯಿಗೆ ರುಚಿ ಇಲ್ಲ ಅನ್ನುವವರಿಗೆ

ಪಪ್ಪಾಯಿ ಅಂದರೆ ಮೂಗು ಮುರಿಯುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಸಪ್ಪೆ ಅನ್ನುತ್ತಾರೆ, ಕಹಿ ಅನ್ನುತ್ತಾರೆ, ಒಂಥರಾ ವಾಸನೆ ಅನ್ನುತ್ತಾರೆ. ಕಾಯಿಲೆಯವರು ತಿನ್ನುವ ಹಣ್ಣು ಅಂತ ತಟ್ಟೆಯನ್ನೇ ಆಚೆ ಸರಿಸುತ್ತಾರೆ. ಹಣ್ಣಿನ ತಪ್ಪಲ್ಲ ಅದು. ಮಂಗ ಬರುತ್ತದೆ ಅಂತ ಎಳೆಗಾಯಿ ಕೀಳುತ್ತೀರಿ. ಕಿತ್ತದ್ದನ್ನು ಹಾಗೇ ಫ್ರಿಜ್ಜಿಗೆ ತುರುಕುತ್ತೀರಿ. ಆಮೇಲೆ ಒಂದು ದಿನ ನೆನಪಾಗಿ ಕೊಯ್ದು, ತಣ್ಣಗಿರುವಾಗಲೇ ಬಾಯಿಗೆ ಹಾಕಿಕೊಳ್ಳುತ್ತೀರಿ. ಇನ್ನೆಲ್ಲಿಂದ ಬರಬೇಕು ರುಚಿ? ನಮ್ಮ ಮನೆಯ ಹುಡುಗರೂ ಇದನ್ನೇ ಮಾಡುತ್ತಾರೆ. ಹೇಳಿದರೆ "ಅಜ್ಜಿ, ಅಷ್ಟೆಲ್ಲ ಟೈಮ್ ಯಾರಿಗಿದೆ" ಅಂತಾರೆ. ಹಣ್ಣಾಗುವುದಕ್ಕೆ ನಿಮ್ಮ ಟೈಮ್ ಬೇಡ ಮಾರಾಯರೆ, ಅದರ ಪಾಡಿಗೆ ಅದನ್ನು ಬಿಟ್ಟರೆ ಸಾಕು.

ಮೊದಲು ಕೀಳುವ ಹದ ಹೇಳುತ್ತೇನೆ. ಮಾವು, ಬಾಳೆಯನ್ನು ಬಲಿತ ಕಾಯಿಯಾಗಿರುವಾಗಲೇ ಕಿತ್ತು ಹಣ್ಣಿಗೆ ಹಾಕಬಹುದು. ಅದರೊಳಗೆ ಇರುವ ಹಿಟ್ಟಿನಂಶ ಆಮೇಲೆ ಸಕ್ಕರೆಯಾಗುತ್ತದೆ. ಪಪ್ಪಾಯಿಯಲ್ಲಿ ಆ ಹಿಟ್ಟಿನಂಶವೇ ಇಲ್ಲ. ಅದರ ಸಿಹಿ ಏನಿದ್ದರೂ ಮರದಲ್ಲಿ ಇರುವಾಗಲೇ ತುಂಬಬೇಕು. ಹಸಿರು ಕಾಯಿ ಕಿತ್ತಿಟ್ಟರೆ ಬಣ್ಣ ಬರುತ್ತದೆ, ಮೆತ್ತಗಾಗುತ್ತದೆ, ಸಿಹಿ ಮಾತ್ರ ಬರುವುದಿಲ್ಲ. ಕಾಯಿಯ ಮೂತಿಯ ಕಡೆ, ಏಣುಗಳ ನಡುವೆ ಒಂದು ಹಳದಿ ಗೆರೆ ಮೂಡುವ ತನಕ ಕಾಯಿರಿ. ಗೆರೆ ಕಂಡ ದಿನವೇ ಕೀಳಿ, ಯಾಕೆಂದರೆ ಮಾರನೇ ದಿನ ಮಂಗನಿಗೂ ಅದು ಕಾಣಿಸುತ್ತದೆ. ಮಲೆನಾಡಿನಲ್ಲಿ ಹಿತ್ತಲು ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಸೀರೆಯನ್ನೋ ಗೋಣಿಚೀಲವನ್ನೋ ಗೊನೆಗೆ ಸುತ್ತಿಟ್ಟರೆ ಎರಡು ದಿನ ಜಾಸ್ತಿ ಸಿಗುತ್ತದೆ. ದೋಟಿಯಲ್ಲಿ ಎಳೆದು ಕೆಳಗೆ ಬೀಳಿಸಬೇಡಿ. ಪೆಟ್ಟು ಬಿದ್ದ ಜಾಗ ಹಣ್ಣಾಗುವುದಿಲ್ಲ, ಕೊಳೆಯುತ್ತದೆ. ಏಣಿ ಇಟ್ಟು ಹತ್ತಿ, ಕೈಯಲ್ಲಿ ಹಿಡಿದು ತಿರುಚಿ, ತೊಟ್ಟು ಸಮೇತ ತೆಗೆಯಿರಿ.

ಪೇಟೆಯಿಂದ ತರುವವರೂ ಅದೇ ಗೆರೆ ನೋಡಿ. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದರೆ ನಾನು ಅರ್ಧ ಹಸಿರು ಅರ್ಧ ಹಳದಿ ಇರುವುದನ್ನೇ ಹುಡುಕುತ್ತೇನೆ. ಮೈಪೂರ್ತಿ ಒಂದೇ ಸಮ ಹಳದಿಯಾಗಿ, ಒತ್ತಿದರೆ ಕಲ್ಲಿನ ಹಾಗಿರುವುದನ್ನು ಮುಟ್ಟಬೇಡಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಸರ್ಕಾರ ನಿಷೇಧ ಮಾಡಿದ್ದರೂ ಹಾಕುವವರು ಹಾಕುತ್ತಾರೆ. ತಳಿ ಕೇಳಿದರೆ ಈಗ ಎಲ್ಲ ಕಡೆ ತೈವಾನಿನ ರೆಡ್ ಲೇಡಿ. ಕೆಂಪು ತಿರುಳು, ಗಟ್ಟಿ ಹಣ್ಣು, ದೂರ ಸಾಗಿಸಲು ಒಳ್ಳೆಯದು. ನನ್ನ ನಾಲಿಗೆಗೆ ನಮ್ಮ ಕೊಡಗಿನ ಚೆಟ್ಟಳ್ಳಿಯಿಂದ ಬಂದ ಕೂರ್ಗ್ ಹನಿ ಡ್ಯೂ ಮೇಲು. ಸಿಕ್ಕರೆ ಬಿಡಬೇಡಿ.

ಇನ್ನು ಫ್ರಿಜ್ಜಿನ ವಿಷಯ. ಪಪ್ಪಾಯಿ ಬಿಸಿಲು ನಾಡಿನ ಗಿಡ. ಅಮೆರಿಕ ಖಂಡದಿಂದ 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಈ ಕಡೆ ಬಂದದ್ದು. ಅದಕ್ಕೆ ಚಳಿ ಆಗುವುದಿಲ್ಲ. ಕಾಯಿಯನ್ನು 10 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿ ಇಟ್ಟರೆ ಹಣ್ಣಾಗುವ ಕೆಲಸವೇ ನಿಂತುಹೋಗುತ್ತದೆ. ಫ್ರಿಜ್ಜಿನೊಳಗೆ ಅದರ ಅರ್ಧದಷ್ಟೂ ಇರುವುದಿಲ್ಲ. ಹಣ್ಣಾದ ಮೇಲೆ, ಕೊಯ್ದು ಉಳಿದದ್ದನ್ನು ಬೇಕಾದರೆ ಒಂದು ದಿನ ಇಡಿ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಕೆಲಸಕ್ಕೆ ಬರುತ್ತೇನೆ. ಹಾಲು ಇಳಿಸುವುದು, ಅಂದರೆ ಕಾಯಿಯ ಸಿಪ್ಪೆ ಗೀರಿ ಒಳಗಿನ ಕಹಿ ಬಿಳೀ ಹಾಲನ್ನು ಹಣ್ಣಿಗೆ ಹಾಕುವ ಮೊದಲೇ ಹೊರಗೆ ಹರಿಸಿಬಿಡುವುದು. ಇದನ್ನು ನನಗೆ ಕಲಿಸಿದವರು ನಮ್ಮತ್ತೆ. ಹೊಸನಗರದ ಕಡೆಯ ದೊಡ್ಡ ಮನೆ, ಬಚ್ಚಲ ನೀರು ಹೋಗುವ ಕಡೆ ಸಾಲಾಗಿ ಪಪ್ಪಾಯಿ ಗಿಡ. ಬೇರೆ ಕೆಲಸವನ್ನೆಲ್ಲ ಸೊಸೆಯಂದಿರಿಗೆ ಬಿಡುತ್ತಿದ್ದರು, ಇದೊಂದನ್ನು ಬಿಡುತ್ತಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು, ಜಗಲಿಯ ತುದಿಯಲ್ಲಿ ಕೂತು ತಾವೇ ಮಾಡುತ್ತಿದ್ದರು.

ಕಾಯಿಯನ್ನು ಬೆಳಿಗ್ಗೆ ಬೇಗ ಕೀಳಬೇಕು. ಬಿಸಿಲೇರುವ ಮೊದಲು ಹಾಲು ಚೆನ್ನಾಗಿ ಹರಿಯುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಆ ಹಾಲು ತಾಗಿದರೆ ತುರಿಸುತ್ತದೆ. ಕಣ್ಣಿನ ಹತ್ತಿರವಂತೂ ಕೈ ಒಯ್ಯಲೇಬೇಡಿ. ಚೂರಿ ಬೇಡ. ಬಿದಿರಿನ ಒಂದು ಸೀಳು ತೆಗೆದು ತುದಿ ಚೂಪು ಮಾಡಿಕೊಳ್ಳಿ. ಕಬ್ಬಿಣ ತಾಗಿದರೆ ಹಾಲು ಕಪ್ಪಾಗುತ್ತದೆ, ಗೆರೆಯೂ ಕಪ್ಪಾಗಿ ಹಣ್ಣು ನೋಡಲು ಚಂದ ಇರುವುದಿಲ್ಲ. ತೊಟ್ಟಿನ ಹತ್ತಿರದಿಂದ ಮೂತಿಯವರೆಗೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಳೆದ ಕೂಡಲೇ ಗೆರೆಯುದ್ದಕ್ಕೂ ಬಿಳೀ ಹನಿ ಸಾಲುಗಟ್ಟಬೇಕು. ಸಾಲುಗಟ್ಟಲಿಲ್ಲ ಅಂದರೆ ಕೈ ಹಗುರಾಯಿತು ಅಂತ ಅರ್ಥ. ತಿರುಳು ಕಂಡರೆ ಕೈ ಜೋರಾಯಿತು. ಸಿಪ್ಪೆ ಮಾತ್ರ ಗೀರಬೇಕು, ಅದರಾಚೆ ಹೋಗಬಾರದು. ಎರಡೆರಡು ಬೆರಳು ಬಿಟ್ಟು ಸುತ್ತಲೂ ಹೀಗೆ ಎಳೆಯಿರಿ. ಆಮೇಲೆ ಬಾಳೆಪಟ್ಟೆಯ ಮೇಲೆ ಮೂತಿ ಕೆಳಗೆ ಮಾಡಿ ಗೋಡೆಗೆ ಒರಗಿಸಿಡಿ. ಹಾಲು ಇಳಿದು ಇಳಿದು, ಮೊಸರಿನಂತೆ ಗಟ್ಟಿಯಾಗಿ ತಾನೇ ನಿಲ್ಲುತ್ತದೆ. ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪುನಃ ಒಣಬಟ್ಟೆಯಲ್ಲಿ ಒರೆಸಿ. ಈ ಎರಡನೇ ಒರೆಸುವಿಕೆಯನ್ನೇ ಎಲ್ಲರೂ ಬಿಡುವುದು. ತೇವ ಉಳಿದರೆ ಗೆರೆಯಲ್ಲೇ ಬೂಸಲು ಹಿಡಿಯುತ್ತದೆ, ಆಮೇಲೆ ಅಜ್ಜಿ ಹೇಳಿದ್ದು ಸುಳ್ಳು ಅಂತೀರಿ.

ಒರೆಸಿದ ಕಾಯಿಯನ್ನು ಒಣಹುಲ್ಲಿನಲ್ಲಿ ಮುಚ್ಚಿಡಿ. ಹುಲ್ಲು ಇಲ್ಲದವರು ಅಕ್ಕಿ ಡಬ್ಬಿಯಲ್ಲಿ ಹುಗಿದಿಡಿ, ಅದೂ ಇಲ್ಲದವರು ಪೇಪರಿನಲ್ಲಿ ಸುತ್ತಿಡಿ. ಗೀರಿದ ಕಾಯಿ ಗೀರದೇ ಇದ್ದದ್ದಕ್ಕಿಂತ ಬೇಗ ಹಣ್ಣಾಗುತ್ತದೆ. ಗೆರೆಗಳು ಒಣಗಿ ಕಂದು ದಾರದ ಹಾಗೆ ಕಾಣುತ್ತವೆ. ದಿನಕ್ಕೊಂದು ಸಲ ತೊಟ್ಟಿನ ಪಕ್ಕ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಮೂತಿಯ ಕಡೆ ಮೆತ್ತಗಾದರೆ ಸಾಲದು, ಅದು ಯಾವಾಗಲೂ ಮೊದಲು ಹಣ್ಣಾಗುವ ಜಾಗ. ತೊಟ್ಟಿನ ಬುಡ ಬಗ್ಗಿದ ದಿನ ಕೊಯ್ಯಿರಿ. ಕಹಿ ಅನ್ನುತ್ತಿದ್ದವರ ಬಾಯಿ ಅವತ್ತು ಮುಚ್ಚುತ್ತದೆ. ನಾನು ಇದನ್ನು ಮಾಡದೆ ಹಿತ್ತಲ ಹಣ್ಣನ್ನು ಯಾರಿಗೂ ಕೊಟ್ಟಿಲ್ಲ.

   

ಹಣ್ಣನ್ನು ಉದ್ದಕ್ಕೆ ಸೀಳಿ. ಬೀಜವನ್ನು ಚಮಚದಲ್ಲಿ ತೆಗೆದರೆ ಮುಗಿಯಲಿಲ್ಲ, ಬೀಜದ ಕೆಳಗೆ ತಿರುಳಿಗೆ ಅಂಟಿಕೊಂಡಿರುವ ಬಿಳಿಪೊರೆಯನ್ನೂ ಕೆರೆದು ತೆಗೆಯಬೇಕು. ನೀವು ಹೇಳುವ ಆ ವಾಸನೆ ಜಾಸ್ತಿ ಇರುವುದು ಅಲ್ಲೇ. ಬೀಜ ಅಗಿದು ನೋಡಿ, ಸಾಸಿವೆಯ ಹಾಗೆ ಘಾಟು. ಒಣಗಿದರೆ ಕಾಳುಮೆಣಸಿನಂತೆಯೇ ಕಾಣುತ್ತದೆ. ಅಂಗಡಿ ಮೆಣಸಿಗೆ ಇದನ್ನೇ ಬೆರೆಸುವುದು. ನೀರಿಗೆ ಹಾಕಿದರೆ ಒಳ್ಳೆ ಮೆಣಸು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡ ನಮಗೆ ಆ ಚಿಂತೆ ಇಲ್ಲ.

ಹೋಳು ದೊಡ್ಡದಿರಲಿ. ಚೂರುಚೂರು ಮಾಡಿ ಡಬ್ಬಿಗೆ ತುಂಬಿದರೆ ಸಂಜೆಗೆ ನೀರಾಗುತ್ತದೆ. ಹೋಳಿನ ಮೇಲೆ ಚಿಟಿಕೆ ಉಪ್ಪು, ಆಗಷ್ಟೇ ಕುಟ್ಟಿದ ಮೆಣಸು, ಮೇಲೆ ನಿಂಬೆಹುಳಿ. ಕೈ ತಡೆದು ಹಿಂಡಬೇಡಿ, ಪಪ್ಪಾಯಿಯಲ್ಲಿ ಹುಳಿಯೇ ಇಲ್ಲವಲ್ಲ, ಹೊರಗಿನಿಂದ ಕೊಡಬೇಕು. ಹಾಕಿದ ಕೂಡಲೇ ತಿನ್ನದೆ ಸ್ವಲ್ಪ ಹೊತ್ತು ಬಿಡಿ. ಹೋಳಿನ ಮೇಲೆ ರಸ ಮಿನುಗಲು ಶುರುವಾದಾಗ ತಿನ್ನಿ. ಸಿಹಿ ಎದ್ದು ಕಾಣುತ್ತದೆ, ವಾಸನೆ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಖಾರ ತಿನ್ನುವವರು ಮೆಣಸಿನ ಬದಲು ಜೀರಿಗೆ ಮೆಣಸು ಅನ್ನುವ ಒಂದು ಪುಟ್ಟ ಮೆಣಸಿನಕಾಯಿಯನ್ನು ಉಪ್ಪಿನ ಜೊತೆ ನುರಿದು ಹಾಕಿಕೊಳ್ಳಿ.

ಜಾಸ್ತಿ ಹಣ್ಣಾಗಿ ಮೆತ್ತಗಾದದ್ದನ್ನು ಎಸೆಯಬೇಡಿ, ರಸಾಯನ ಮಾಡಿ. ಹಣ್ಣು ಕಿವುಚಿ, ಗಟ್ಟಿ ತೆಂಗಿನಹಾಲು, ಜೋನಿಬೆಲ್ಲ, ಏಲಕ್ಕಿ. ದೋಸೆಗೆ ಇದರಷ್ಟು ಒಳ್ಳೆಯ ಜೊತೆ ಇಲ್ಲ. ಹಸುವಿನ ಹಾಲು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ, ಮಧ್ಯಾಹ್ನ ಕುಡಿಯುತ್ತೇನೆ ಅಂತ ಇಟ್ಟು ಹೋಗುವವರಿದ್ದಾರೆ. ಕಹಿಯಾಗದೆ ಇನ್ನೇನಾಗುತ್ತದೆ? ಮಾಂಸ ಬೇಗ ಬೇಯಲು ಪಪ್ಪಾಯಿ ಕಾಯಿ ಹಾಕುತ್ತಾರಲ್ಲ, ಆ ಪಪೈನ್ ಅನ್ನುವ ಅಂಶವೇ ಹಾಲನ್ನೂ ಒಡೆಯುವುದು. ಹಣ್ಣಿನಲ್ಲಿ ಕಡಿಮೆ, ಆದರೂ ಇರುತ್ತದೆ. ಮಾಡಿದರೆ ಆಗಲೇ ಕುಡಿಯಿರಿ.

ಅರೆಹಣ್ಣಿನಲ್ಲಿ ಸಾಸಿವೆ ಅನ್ನುವ ಮೊಸರಿನ ಪದಾರ್ಥ ಮಾಡುವುದನ್ನಂತೂ ಈಗಿನವರು ಮರೆತೇಬಿಟ್ಟಿದ್ದಾರೆ. ಹೋಳಿಗೆ ಉಪ್ಪು ಹಾಕಿ ಒಂದು ಕುದಿ ಬೇಯಿಸಿ ಆರಿಸಿ. ಬೇಯಿಸದೆ ಮೊಸರು ಹಾಕಿದರೆ ಮೊಸರೂ ಕಹಿಯಾಗುತ್ತದೆ. ಕಾಯಿತುರಿ, ಹಸಿಮೆಣಸು ನುಣ್ಣಗೆ ರುಬ್ಬಿ, ಸಾಸಿವೆಯನ್ನು ಕೊನೆಗೆ ಹಾಕಿ ಒಂದು ಸುತ್ತು ಮಾತ್ರ ತಿರುಗಿಸಿ. ಮೊಸರು, ಚೂರು ಬೆಲ್ಲ, ಒಗ್ಗರಣೆ. ಬಸುರಿಯರಿಗೆ ಮಾತ್ರ ಕಾಯಿಯನ್ನೂ ಅರೆಹಣ್ಣನ್ನೂ ಕೊಡಬೇಡಿ, ಆ ಹಾಲು ಅವರಿಗೆ ಒಳ್ಳೆಯದಲ್ಲ.

ಆಷಾಢ, ಶ್ರಾವಣದ ಮಳೆಯಲ್ಲಿ ಬಿಟ್ಟದ್ದನ್ನು ಹಣ್ಣು ಮಾಡಲು ಹೋಗಬೇಡಿ. ನೀರು ಕುಡಿದು ಸಪ್ಪೆಯಾಗಿರುತ್ತದೆ, ಗೀರಿದರೆ ಬೂಸಲು ಗ್ಯಾರಂಟಿ. ಅದನ್ನು ಹುಳಿಗೆ ಹಾಕಿ. ತೊಗರಿಬೇಳೆ ಬೆಂದ ಮೇಲೆಯೇ ಹೋಳು ಹಾಕಬೇಕು, ಜೊತೆಗೇ ಹಾಕಿದರೆ ಹೋಳು ಕರಗಿ ಸಿಗುವುದೇ ಇಲ್ಲ.