ಅಂಡಮಾನ್ ಪ್ರವಾಸ: ಟಿಕೆಟ್‌ಗಿಂತ ಮೊದಲು ಹುಣ್ಣಿಮೆ ನೋಡಿದೆವು

ಮನೆಯವರೆಲ್ಲ ಸೇರಿ ಅಂಡಮಾನಿಗೆ ಹೋಗುವುದು ಅಂತ ತೀರ್ಮಾನವಾದ ಮೇಲೆ ನಾನು ಮೊದಲು ತೆಗೆದದ್ದು ಅಡುಗೆಮನೆ ಗೋಡೆಯ ಕ್ಯಾಲೆಂಡರ್. ವಿಮಾನದ ದರ ಆಮೇಲೆ, ರೂಮು ಅದಕ್ಕೂ ಆಮೇಲೆ. ಊಟಿಗೋ ಮುನ್ನಾರಿಗೋ ಹೋದರೆ ಕಾರು ನಮ್ಮ ಕೈಯಲ್ಲಿರುತ್ತದೆ, ಯಾವಾಗ ಬೇಕಾದರೂ ಹೊರಡಬಹುದು. ಅಂಡಮಾನಿನಲ್ಲಿ ಹಾಗಲ್ಲ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹಡಗೇ ಗತಿ, ಹಡಗು ಹೊರಡುವುದು ಗಾಳಿ ಅನುವು ಕೊಟ್ಟರೆ ಮಾತ್ರ. ದಡದಲ್ಲಿ ಏನು ಕಾಣುತ್ತದೆ ಅನ್ನುವುದು ನೀರಿನ ಉಬ್ಬರ ಇಳಿತದ ಮೇಲೆ ನಿಂತಿದೆ. ಜೊತೆಗೆ ಜನವರಿಯಲ್ಲಿ ಸಂಜೆ ಐದೂಕಾಲಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಈ ಮೂರನ್ನು ಮೊದಲು ಕೂಡಿಸಿಕೊಂಡು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿದೆ. ಅಮ್ಮ, ಯಜಮಾನರು, ನಾನು, ಹೈಸ್ಕೂಲಿನ ಮಗಳು, ಪ್ರೈಮರಿಯ ಮಗ. ಅಮ್ಮನಿಗೆ ಮಂಡಿನೋವು, ಮಗನಿಗೆ ಘಾಟಿ ರಸ್ತೆಯಲ್ಲಿ ವಾಂತಿ. ಇಂಥ ತಂಡಕ್ಕೆ ರೆಡಿಮೇಡ್ ಪ್ಯಾಕೇಜ್ ಹೊಂದುವುದಿಲ್ಲ, ಅಲ್ವಾ?

ಮೊದಲು ಕಾಲದ ಮಾತು. ಮುಂಗಾರು ಕೇರಳಕ್ಕೆ ಬರುವುದಕ್ಕಿಂತ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ, ಅಂಡಮಾನಿಗೆ ಬಂದಿರುತ್ತದೆ. ಸೆಪ್ಟೆಂಬರ್‌ವರೆಗೂ ಸುರಿಯುತ್ತದೆ. ಆಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದ ಕಾಟ. ಹಾಗಾಗಿ ನಮ್ಮ ದಸರಾ ರಜೆ ಈ ಪ್ರವಾಸಕ್ಕೆ ಒಳ್ಳೆಯ ಸಮಯ ಅಲ್ಲ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕ್ರಿಸ್ಮಸ್ ವಾರದಲ್ಲಿ ಹವೆ ಚೆನ್ನಾಗಿರುತ್ತದೆ, ಆದರೆ ಜನ ಜಾಸ್ತಿ, ದರವೂ ಜಾಸ್ತಿ. ಉಳಿದದ್ದು ಜನವರಿಯಿಂದ ಏಪ್ರಿಲ್.

ಕ್ಯಾಲೆಂಡರಿನಲ್ಲಿ ನಾನು ಹುಡುಕಿದ್ದು ಹುಣ್ಣಿಮೆಯನ್ನು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಸೂರ್ಯ ಚಂದ್ರರ ಸೆಳೆತ ಒಟ್ಟು ಸೇರುತ್ತದೆ. ಆಗ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಶಹೀದ್ ದ್ವೀಪ, ಅಂದರೆ ಎಲ್ಲರೂ ಈಗಲೂ ನೀಲ್ ಅಂತಲೇ ಕರೆಯುವ ದ್ವೀಪದಲ್ಲಿ, ಕಲ್ಲಿನ ನೈಸರ್ಗಿಕ ಸೇತುವೆಯ ತನಕ ನಡೆದು ಹೋಗಬೇಕಾದರೆ ನೀರು ಚೆನ್ನಾಗಿ ಇಳಿದಿರಬೇಕು. 2025ರಲ್ಲಿ ಬನದ ಹುಣ್ಣಿಮೆ ಜನವರಿ 13ಕ್ಕೆ, ಮರುದಿನವೇ ಸಂಕ್ರಾಂತಿ. ಹಬ್ಬದ ರಜೆಗೆ ಹಿಂದೆ ಮುಂದೆ ಒಂದಿಷ್ಟು ದಿನ ಸೇರಿಸಿ ಶಾಲೆಗೆ ರಜಾ ಚೀಟಿ ಕೊಟ್ಟೆವು. ಕತ್ತಲಲ್ಲಿ ಮಿನುಗುವ ಸಮುದ್ರದ ನೀರು ನೋಡಲು ರಾತ್ರಿ ಹುಟ್ಟುಹಾಕುವ ಕಿರುದೋಣಿ ಕಯಾಕ್‌ನಲ್ಲಿ ಹೋಗಬೇಕು ಅನ್ನುವವರು ಅಮಾವಾಸ್ಯೆಯನ್ನೇ ಆರಿಸಿಕೊಳ್ಳಬೇಕು, ಬೆಳದಿಂಗಳಲ್ಲಿ ಅದು ಕಾಣುವುದಿಲ್ಲ. ನಮಗೆ ಬೆಳದಿಂಗಳೇ ಬೇಕಿತ್ತು. ಸಂಜೆ ಆರಕ್ಕೆಲ್ಲ ಕತ್ತಲಾಗುವ ಊರಿನಲ್ಲಿ ವಯಸ್ಸಾದವರು ದಡದಲ್ಲಿ ಆರಾಮಾಗಿ ಕೂರುವುದಕ್ಕೆ ಅದಕ್ಕಿಂತ ಒಳ್ಳೆಯ ದೀಪ ಇಲ್ಲ.

ತಾರೀಖು ನಿಂತ ಮೇಲೆ ಕೂತು ದಾರಿ ಬರೆದೆ. ಪೋರ್ಟ್ ಬ್ಲೇರ್, ಅಲ್ಲಿಂದ ಹ್ಯಾವ್ಲಾಕ್, ಅಲ್ಲಿಂದ ನೀಲ್, ಮತ್ತೆ ಪೋರ್ಟ್ ಬ್ಲೇರ್. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯ ಪುರಂ ಅಂತ ಹೆಸರಾಗಿದೆ, ಹ್ಯಾವ್ಲಾಕ್ 2018ರಿಂದಲೇ ಸ್ವರಾಜ್ ದ್ವೀಪ. ಬುಕಿಂಗ್ ಮಾಡುವಾಗ ಎರಡೂ ಹೆಸರು ಎದುರಾಗುತ್ತವೆ, ಗಾಬರಿ ಬೇಡ.

ಈ ದಾರಿಯಲ್ಲಿ ನಾನು ಸಡಿಲ ಬಿಡದ ನಿಯಮ ಒಂದೇ: ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಮಲಗಬೇಕು. ಬೆಳಿಗ್ಗೆ ನೀಲ್‌ನಿಂದ ಹಡಗು ಹತ್ತಿ ಮಧ್ಯಾಹ್ನ ವಿಮಾನ ಹಿಡಿಯುವ ಪ್ಲಾನು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಒಂದು ದಿನದ ರೂಮು ಬಾಡಿಗೆಯೂ ಉಳಿಯುತ್ತದೆ. ಆದರೆ ಗಾಳಿ ಎದ್ದರೆ ಹಡಗಿನ ಸಮಯ ಬದಲಾಗುತ್ತದೆ, ಕೆಲವೊಮ್ಮೆ ರದ್ದೇ ಆಗುತ್ತದೆ. ನಮ್ಮ ವಾಪಸ್ ಹಡಗಿನ ಸಮಯವೂ ಬದಲಾಯಿತು, ಬೆಳಗಿನದು ಮಧ್ಯಾಹ್ನಕ್ಕೆ ಹೋಯಿತು. ನಾವು ಎಳನೀರು ಕುಡಿದುಕೊಂಡು ಜೆಟ್ಟಿಯಲ್ಲಿ ಕೂತೆವು. ವಿಮಾನ ಇದ್ದದ್ದು ಮರುದಿನ, ಹಾಗಾಗಿ ಯಾರ ಎದೆಯೂ ಹೊಡೆದುಕೊಳ್ಳಲಿಲ್ಲ. ಅದೇ ಜೆಟ್ಟಿಯಲ್ಲಿ ಒಂದು ಕುಟುಂಬ ಅವತ್ತಿನ ವಿಮಾನದ ಟಿಕೆಟ್ ಹಿಡಿದು ಅತ್ತಿಂದಿತ್ತ ಓಡಾಡುತ್ತಿತ್ತು. ನೋಡಿ ಹೊಟ್ಟೆ ಚುರುಕ್ ಅಂದಿತು.

ಬುಕಿಂಗ್ ಮಾಡಿದ ಕ್ರಮ ಹೀಗಿತ್ತು. ಬೆಂಗಳೂರಿನಿಂದ ನೇರ ವಿಮಾನ ಸುಮಾರು ಎರಡೂವರೆ ಗಂಟೆಯ ದಾರಿ. ಸೀಟಿದೆಯಾ ಅಂತ ನೋಡಿಕೊಂಡೆ. ಅದೇ ದಿನಗಳಿಗೆ ಖಾಸಗಿ ಹಡಗುಗಳಲ್ಲಿ ಐದು ಸೀಟು ಒಟ್ಟಿಗೆ ಸಿಗುತ್ತದಾ ಅಂತ ನೋಡಿದೆ. ಮಕ್ರುಜ್, ನಾಟಿಕಾ, ಗ್ರೀನ್ ಓಶನ್ ಹೀಗೆ ಹಲವು ಇವೆ. ಎರಡೂ ಇದೆ ಅಂತ ಖಾತ್ರಿಯಾದ ಮೇಲೆ ಒಂದೇ ಸಂಜೆ ಎರಡಕ್ಕೂ ದುಡ್ಡು ಕಟ್ಟಿದೆ. ರೂಮು ಮಾರನೇ ವಾರ. ಸರ್ಕಾರಿ ಹಡಗು ತುಂಬ ಅಗ್ಗ, ಆದರೆ ನಿಧಾನ. ಅದರ ಟಿಕೆಟ್‌ಗೆ ನೂಕುನುಗ್ಗಲು ಬೇರೆ. ಖಾಸಗಿ ಹಡಗಿನಲ್ಲಿ ಹ್ಯಾವ್ಲಾಕ್‌ಗೆ ಒಂದೂವರೆಯಿಂದ ಎರಡು ಗಂಟೆ. ವಯಸ್ಸಾದವರು ಜೊತೆಗಿದ್ದರೆ ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಜೆಟ್ಟಿಯಲ್ಲಿ ಎಲ್ಲರ ಗುರುತಿನ ಚೀಟಿ ಕೇಳುತ್ತಾರೆ, ಮಕ್ಕಳದ್ದೂ. ಆಧಾರ್ ಕಾರ್ಡುಗಳನ್ನೆಲ್ಲ ಒಂದೇ ಪೌಚಿನಲ್ಲಿ ಹಾಕಿ ಮಗಳ ಕೊರಳಿಗೆ ಕಟ್ಟಿದೆ, ಜವಾಬ್ದಾರಿ ಅವಳದ್ದು.

ವಾಂತಿಯ ವಿಷಯ. ಮಗನಿಗೆ ಯಾವ ಮಾತ್ರೆ, ಎಷ್ಟು ಅಂತ ಹೊರಡುವ ಮೊದಲೇ ಮಕ್ಕಳ ಡಾಕ್ಟರ ಹತ್ತಿರ ಬರೆಸಿಕೊಂಡಿದ್ದೆ. ಹಡಗು ಹೊರಡುವ ಅರ್ಧ ಗಂಟೆ ಮೊದಲು ಕೊಟ್ಟೆ. ತಿಂಡಿಗೆ ಎರಡು ಇಡ್ಲಿ, ಹಾಲು ಬೇಡ. ಸೀಟು ಕೆಳಗಿನ ಅಂತಸ್ತಿನಲ್ಲಿ, ನಡುಮಧ್ಯದಲ್ಲಿ, ಯಾಕೆಂದರೆ ಮುಂದಿನ ಸಾಲಿನಲ್ಲಿ ಎತ್ತಿ ಹಾಕುವುದು ಜಾಸ್ತಿ. ಮೊಬೈಲ್ ಕಿತ್ತುಕೊಂಡು ದೂರದ ದಿಗಂತ ನೋಡುತ್ತಿರು ಅಂದೆ. ಆರಾಮಾಗಿ ಹೋದ.

ಮಕ್ಕಳಿಗೆ ಸ್ನಾರ್ಕಲಿಂಗ್, ಅಂದರೆ ತೇಲುತ್ತ ಮುಖ ಮುಳುಗಿಸಿ ನೀರಿನಡಿ ನೋಡುವ ಆಟ, ಮಾಡಿಸುವ ಆಸೆ ಇರುವವರು ಮನೆಯಲ್ಲೇ ಅಭ್ಯಾಸ ಮಾಡಿಸಿ. ಇದು ನನ್ನ ದೊಡ್ಡ ಸಲಹೆ. ನಾವು ಮಾಸ್ಕ್, ಉಸಿರಾಟದ ಕೊಳವೆ ಕೊಂಡು ತಂದು ಮೈಸೂರಿನ ನಮ್ಮ ಬಚ್ಚಲಲ್ಲಿ ದೊಡ್ಡ ಟಬ್ಬಿಗೆ ನೀರು ತುಂಬಿದೆವು. ಮಾಸ್ಕಿನ ರಬ್ಬರ್ ಅಂಚಿನ ಕೆಳಗೆ ಒಂದೆಳೆ ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ. ಆದ್ದರಿಂದ ಮೊದಲು ಹಣೆಯ ಕೂದಲನ್ನೆಲ್ಲ ಹಿಂದಕ್ಕೆ ತಳ್ಳಬೇಕು. ಪಟ್ಟಿ ಹಾಕದೆ ಮಾಸ್ಕನ್ನು ಸುಮ್ನೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದಾಗ ಅದು ತಾನೇ ಅಂಟಿ ನಿಂತರೆ ಅಳತೆ ಸರಿ. ಆಮೇಲೆ ಬಾಯಲ್ಲಿ ಕೊಳವೆ ಕಚ್ಚಿಕೊಂಡು ಬಾಯಿಂದಲೇ ಉಸಿರು. ಮೂಗಿನಿಂದ ಉಸಿರಾಡುವ ಅಭ್ಯಾಸ ಬಿಡಿಸುವುದೇ ಕಷ್ಟ. ಮಗ ಮೊದಮೊದಲು ಕೆಮ್ಮಿ ಎದ್ದುಬಿಡುತ್ತಿದ್ದ. ದಿನಾ ಸಂಜೆ ಹೀಗೇ ಆಟ ಆಡುತ್ತ ಆಡುತ್ತ, ಟಬ್ಬಿನ ತಳದಲ್ಲಿ ನಾನು ಹಾಕಿದ ನಾಣ್ಯಗಳಲ್ಲಿ ಯಾವುದು ಎಷ್ಟು ರೂಪಾಯಿಯದ್ದು ಅಂತ ಮುಖ ಎತ್ತದೆ ಬೆರಳಲ್ಲಿ ತೋರಿಸುವ ಹಂತಕ್ಕೆ ಬಂದ. ಹ್ಯಾವ್ಲಾಕ್‌ನ ಎಲಿಫೆಂಟ್ ಬೀಚಿನಲ್ಲಿ ಲೈಫ್ ಜಾಕೆಟ್ ಕಟ್ಟಿ ನೀರಿಗಿಳಿಸಿದಾಗ ಬೇರೆ ಮಕ್ಕಳು ಮಾಸ್ಕ್ ಹಾಕಲು ಅಳುತ್ತಿದ್ದರು. ಇವನು ಮುಖ ಮುಳುಗಿಸಿದವನು ಎತ್ತಲೇ ಇಲ್ಲ. ಗಿಣಿಮೀನು ಹವಳವನ್ನು ಕಟಕಟ ಕಚ್ಚುವ ಸದ್ದು ನೀರಿನೊಳಗೆ ಕೇಳಿಸಿತು ಅಂತ ಹೇಳಿದ. ನಿಜ, ನನಗೂ ಕೇಳಿಸಿತ್ತು.

ಈ ಬೀಚಿಗೆ ಅಮ್ಮ ಬರಲಿಲ್ಲ. ಅಲೆಯ ಮೇಲೆ ಎತ್ತಿ ಹಾಕುವ ದೋಣಿ, ನೀರಿಗಿಳಿದು ಹತ್ತುವುದು, ಮಂಡಿಗೆ ಆಗುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆವು. ಅಮ್ಮನಿಗಾಗಿ ನೀಲ್‌ನ ಭರತ್‌ಪುರ ಬೀಚಿನಲ್ಲಿ ಗಾಜಿನ ತಳದ ದೋಣಿ ಇಟ್ಟುಕೊಂಡಿದ್ದೆವು. ಅಲ್ಲಿ ನೀರು ಆಳವಿಲ್ಲ, ದೋಣಿಯವರು ಸ್ಟೂಲ್ ಇಟ್ಟು ಕೈಹಿಡಿದು ಹತ್ತಿಸಿದರು. ಸೀರೆ ಸ್ವಲ್ಪ ಒದ್ದೆಯಾಯಿತು ಅಷ್ಟೆ. ಎಲ್ಲರೂ ಎಲ್ಲವನ್ನೂ ನೋಡಬೇಕು ಅಂತ ಹಟ ಹಿಡಿಯುವ ಬದಲು ಪ್ರತಿಯೊಬ್ಬರಿಗೂ ಅವರದೇ ಒಂದು ದಿನ ಇರಲಿ ಅನ್ನುವುದು ನಮ್ಮ ಲೆಕ್ಕ.

ಹ್ಯಾವ್ಲಾಕ್‌ನ ಬಹುಪಾಲು ರೆಸಾರ್ಟುಗಳು ಪೂರ್ವ ದಡದಲ್ಲಿವೆ. ಫೋಟೋದಲ್ಲಿ ಬಾಗಿಲಿಗೇ ಸಮುದ್ರ. ಇಳಿತದ ಹೊತ್ತಿಗೆ ನೋಡಿದರೆ ನೀರು ಎಷ್ಟೋ ದೂರ ಹಿಂದೆ ಸರಿದಿರುತ್ತದೆ, ಉಳಿಯುವುದು ಕಲ್ಲು, ಸತ್ತ ಹವಳ, ಕೆಸರು. ಈಜಲು ಆಗದು. ನಾವು ಹೋದ ದಿನಗಳಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ನೀರು ತುಂಬಿರುತ್ತಿತ್ತು. ಹಾಗಾಗಿ ಬೆಳಿಗ್ಗೆ ರೂಮಿನ ಮುಂದೆ ನೀರಾಟ, ಮಧ್ಯಾಹ್ನ ಮೂರಕ್ಕೆ ಹೊರಟು ಪಶ್ಚಿಮ ದಡದ ರಾಧಾನಗರ. ಅಲ್ಲಿ ಮರಳಿನ ತಳ, ಜೀವರಕ್ಷಕರು ಇರುತ್ತಾರೆ, ಸೂರ್ಯ ನೇರ ಸಮುದ್ರಕ್ಕೇ ಇಳಿಯುತ್ತಾನೆ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆ ಇವೆ. 2010ರಲ್ಲಿ ಇದೇ ಬೀಚಿನ ಪಕ್ಕದಲ್ಲಿ ಒಬ್ಬ ಪ್ರವಾಸಿ ಮೊಸಳೆಗೆ ಬಲಿಯಾದರು. ಆದ್ದರಿಂದ ಗುರುತು ಹಾಕಿದ ಜಾಗ ಬಿಟ್ಟು ಆಚೆ ಮೂಲೆಯ ಕೊಲ್ಲಿಗೆ, ತೊರೆ ಸೇರುವ ಕಡೆಗೆ ಮಕ್ಕಳನ್ನು ಬಿಡಲೇಬೇಡಿ. ಇದರಲ್ಲಿ ರಾಜಿ ಇಲ್ಲ. ವಾಪಸ್ ಬರುವ ಗಾಡಿಯನ್ನೂ ಹೋಗುವಾಗಲೇ ಮಾತಾಡಿಕೊಳ್ಳಿ. ಇಲ್ಲಿ ಓಲಾ, ಊಬರ್ ಇಲ್ಲ, ಕತ್ತಲಾದ ಮೇಲೆ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ.

ಸಂಕ್ರಾಂತಿಯ ದಿನ ನೀಲ್‌ನಲ್ಲಿದ್ದೆವು. ನೀರು ಪೂರ್ತಿ ಇಳಿಯುವುದು ನಾಲ್ಕರ ಆಸುಪಾಸು, ಸೂರ್ಯ ಮುಳುಗುವುದು ಐದೂಕಾಲಿಗೆ. ಮೂರಕ್ಕೇ ಸೇತುವೆಯ ದಡ ಸೇರಿದೆವು. ದಾರಿಯುದ್ದಕ್ಕೂ ಚೂಪಾದ ಹವಳದ ಕಲ್ಲು, ಹವಾಯಿ ಚಪ್ಪಲಿ ನಡೆಯುವುದಿಲ್ಲ, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಬೇಕು. ಊರಿನ ಹುಡುಗನೊಬ್ಬನನ್ನು ಗೈಡ್ ಆಗಿ ಕರೆದುಕೊಂಡೆವು. ಕಲ್ಲಿನ ನಡುವೆ ನಿಂತ ನೀರಿನ ಗುಂಡಿಗಳಲ್ಲಿ ಅವನ ಕಣ್ಣಿಗೆ ಬಿದ್ದದ್ದು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಕಪ್ಪು ಸಮುದ್ರ ಸೌತೆ, ಬಾಗಿಲು ಮುಚ್ಚಿಕೊಳ್ಳುವ ಕಪ್ಪೆಚಿಪ್ಪು, ಶಂಖ ಹೊತ್ತು ಓಡುವ ಏಡಿ. ಯಾವುದನ್ನೂ ಅವನು ಮುಟ್ಟಲು ಬಿಡಲಿಲ್ಲ, ಅದಕ್ಕೇ ಅವನು ನನಗೆ ಇಷ್ಟವಾದ. ಚಿಪ್ಪು, ಹವಳದ ಚೂರು ಚೀಲಕ್ಕೆ ಹಾಕಿಕೊಳ್ಳಬಾರದು. ಹವಳ ಸತ್ತದ್ದಾದರೂ ಕಾನೂನಿನ ಪ್ರಕಾರ ಅಪರಾಧ, ವಿಮಾನ ನಿಲ್ದಾಣದಲ್ಲಿ ತಪಾಸಣೆಯೂ ಇದೆ.

ಅವತ್ತು ಬೆಳಿಗ್ಗೆ ಅಮ್ಮ ಮೈಸೂರಿನಿಂದ ತಂದಿದ್ದ ಎಳ್ಳು ಬೆಲ್ಲದ ಡಬ್ಬಿ ತೆಗೆದರು. ನೀಲ್‌ನಲ್ಲಿ ಬಹಳ ಮಂದಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬದವರು, ತರಕಾರಿ ಬೆಳೆಯುವವರು. ನಾವಿದ್ದ ಮನೆಯವರಿಗೂ ಅದು ಪೌಷ ಸಂಕ್ರಾಂತಿ. ಅಮ್ಮ ಕನ್ನಡದಲ್ಲೇ ‘ತಗೊಳ್ಳಿ, ಒಳ್ಳೇ ಮಾತಾಡಿ’ ಅಂದರು. ಆ ಮನೆಯ ಅಜ್ಜಿ ಬೆಲ್ಲ, ಕಾಯಿಯ ಹೂರಣ ತುಂಬಿದ ಅಕ್ಕಿಹಿಟ್ಟಿನ ಪೀಠೆ ತಟ್ಟೆ ತುಂಬ ತಂದಿಟ್ಟರು. ನಮ್ಮ ಸಿಹಿಕಡುಬಿಗೆ ತೀರ ಹತ್ತಿರದ ರುಚಿ. ಸಸ್ಯಾಹಾರಿಗಳಿಗೆ ಅಲ್ಲಿ ಊಟ ಸಿಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಧಾರಾಳವಾಗಿ ಸಿಗುತ್ತದೆ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು, ತೆಲುಗರು ತುಂಬ ಇದ್ದಾರೆ, ದೋಸೆ ಇಡ್ಲಿಗೆ ಕೊರತೆಯಿಲ್ಲ. ಚಿಕ್ಕ ದ್ವೀಪಗಳಲ್ಲಿ ಅನ್ನ, ದಾಲ್, ಪಲ್ಯ. ನಮ್ಮ ಚಟ್ನಿಪುಡಿ ಜೊತೆಗಿತ್ತು.

ಬಾರಾಟಂಗ್‌ನ ಸುಣ್ಣದಕಲ್ಲಿನ ಗುಹೆಗೆ ನಾವು ಹೋಗಲಿಲ್ಲ. ಆ ರಸ್ತೆ ಜಾರವಾ ಬುಡಕಟ್ಟಿನ ಜನರ ಮೀಸಲು ಕಾಡಿನ ಮಧ್ಯೆ ಹೋಗುತ್ತದೆ. ವಾಹನಗಳನ್ನು ಸಾಲಾಗಿ ಬಿಡುತ್ತಾರೆ, ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಆದರೂ ಕಿಟಕಿಯಿಂದ ಅವರು ಕಾಣುತ್ತಾರಾ ಅಂತ ಇಣುಕುವವರೇ ಜಾಸ್ತಿ. ಇನ್ನೊಬ್ಬರ ಮನೆಯಂಗಳದಲ್ಲಿ ನಮ್ಮ ಮಕ್ಕಳು ಹಾಗೆ ಇಣುಕುವುದು ನನಗೆ ಬೇಡವಾಗಿತ್ತು.

ಆ ದಿನವನ್ನು ಸೆಲ್ಯುಲರ್ ಜೈಲಿಗೆ ಕೊಟ್ಟೆವು. ಬ್ರಿಟಿಷರು 1896ರಲ್ಲಿ ಶುರುಮಾಡಿ 1906ರಲ್ಲಿ ಮುಗಿಸಿದ ಕಟ್ಟಡ. ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಮಗಳು ಅಮೃತಶಿಲೆಯ ಮೇಲಿನ ಸ್ವಾತಂತ್ರ್ಯ ಹೋರಾಟಗಾರರ ಹೆಸರುಗಳನ್ನು ಓದುತ್ತಾ ಬಹಳ ಹೊತ್ತು ನಿಂತಳು, ಬಂಗಾಳದವರ ಹೆಸರೇ ಹೆಚ್ಚು. ಮಧ್ಯಾಹ್ನವೇ ಹೋಗಿ ಒಳಗೆ ನೋಡಿ, ಸಂಜೆಯ ಧ್ವನಿ ಬೆಳಕು ಕಾರ್ಯಕ್ರಮಕ್ಕೆ ಮೊದಲೇ ಟಿಕೆಟ್ ಇಟ್ಟುಕೊಳ್ಳಿ. ಪಕ್ಕದ ರಾಸ್ ದ್ವೀಪದಲ್ಲಿ ಬ್ಯಾಟರಿ ಗಾಡಿ ಇದೆ, ಮಂಡಿನೋವಿನವರಿಗೆ ಅನುಕೂಲ. ಆ ದ್ವೀಪಕ್ಕೆ ಬುಧವಾರ ರಜೆ, ನೋಡಿಕೊಂಡು ಇಟ್ಟುಕೊಳ್ಳಿ.

ನಗದು ಜೊತೆಗಿರಲಿ, ಚಿಕ್ಕ ದ್ವೀಪಗಳಲ್ಲಿ ಎಟಿಎಂ ಕಡಿಮೆ, ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಸಂಜೆ ಮರಳು ನೊಣ ಕಚ್ಚುತ್ತದೆ, ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಚಾಪೆಯ ಮೇಲೆ ಕೂರಿ.

ಬೇಸಿಗೆ ರಜೆಯಲ್ಲೇ ಹೋಗಬೇಕು ಅನ್ನುವವರು ಏಪ್ರಿಲ್ ಮಧ್ಯದಿಂದ ಕೊನೆಯೊಳಗಿನ ಹುಣ್ಣಿಮೆ ಅಥವಾ ಅಮಾವಾಸ್ಯೆ ನೋಡಿ. ಆಗ ಸಮುದ್ರ ಶಾಂತವಾಗಿರುತ್ತದೆ, ನೀರಿನಡಿ ಚೆನ್ನಾಗಿ ಕಾಣುತ್ತದೆ. ಸೆಕೆ ಮಾತ್ರ ವಿಪರೀತ, ಹನ್ನೊಂದರಿಂದ ಮೂರರವರೆಗೆ ರೂಮಿನಲ್ಲೇ ಇರುವಂತೆ ದಿನ ಹೊಂದಿಸಿ. ಮೇ ಎರಡನೇ ವಾರ ದಾಟಿದ ತಾರೀಖಿಗೆ ಟಿಕೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತೆಗೆಸಬೇಡಿ.