ಮುಯ್ಯಿ ಪುಸ್ತಕ ಹಿಡಿದು ರೂಢಿಯ ಲೆಕ್ಕ ಹಾಕಿದ್ದು: ನನ್ನ ಅನುಭವ

ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿ ಮುಯ್ಯಿ (ಮದುವೆಯಲ್ಲಿ ಕೊಟ್ಟು ಬರೆಸುವ, ಮುಂದೆ ತಿರುಗಿ ಬರಬೇಕಾದ ಉಡುಗೊರೆ) ಬಿಡುವ ರೂಢಿ ಊರಿನಲ್ಲಿ ಹೇಗೆ ಹಬ್ಬುತ್ತದೆ ಎಂಬುದನ್ನು ಗಣಿತದಲ್ಲಿ ಹಿಡಿಯುತ್ತೇನೆ ಎಂದಾಗ ನಮ್ಮ ಕಾಲೇಜಿನಲ್ಲಿ ಯಾರೂ ನಂಬಲಿಲ್ಲ. ‘ಮುಯ್ಯಿ ಎಂದರೆ ನೆಂಟಸ್ತಿಕೆ ಮೇಷ್ಟ್ರೇ, ಸಮೀಕರಣವಲ್ಲ’ ಎಂದರು. ನಾಲ್ಕು ವರ್ಷ ಹಿಡಿಯಿತು. ಈಗ ಲೆಕ್ಕ ಕೂಡಿಬಂದಿದೆ.

ಸಮಾಜಶಾಸ್ತ್ರಜ್ಞ ಗ್ರಾನೊವೆಟರ್ 1978ರಲ್ಲಿ ಕೊಟ್ಟ ಹೊಸ್ತಿಲು ಮಾದರಿಯನ್ನೇ (ಇಷ್ಟು ಮಂದಿ ಮಾಡಿದರೆ ನಾನೂ ಮಾಡುತ್ತೇನೆ ಎಂಬ ಅಂಕಿಯೇ ಒಬ್ಬೊಬ್ಬರ ಹೊಸ್ತಿಲು) ಇಂತಹ ಮಾದರಿಗಳನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವ ತಂತ್ರಾಂಶವಾದ ನೆಟ್‌ಲೋಗೋದಲ್ಲಿ ಬರೆದುಕೊಂಡೆ. ಅರಕಲಗೂಡು ಕಡೆಯ ಮೂರು ಊರು, 340ರಷ್ಟು ಮನೆ. ‘ಎಷ್ಟು ಮನೆಯವರು ಮುಯ್ಯಿ ಬಿಟ್ಟರೆ ನೀವೂ ಬಿಡುತ್ತೀರಿ?’ ಎಂದು ಕೇಳಿದರೆ ಬಹುತೇಕ ಎಲ್ಲರೂ ‘ನಾಳೆಯೇ ಬಿಡುತ್ತೇವೆ’ ಎಂದರು. ಆ ಅಂಕಿ ತುಂಬಿದರೆ ಕಂಪ್ಯೂಟರಿನಲ್ಲಿ ಮುಯ್ಯಿ ಒಂದೇ ವರ್ಷಕ್ಕೆ ಮಾಯ. ಊರಿನಲ್ಲಿ ಮಾತ್ರ ಮುಯ್ಯಿ ಬರೆದುಕೊಳ್ಳುವವರು ಪುಸ್ತಕ ಬಿಚ್ಚಿಕೊಂಡು ಕುಳಿತೇ ಇದ್ದರು.

ಕೊನೆಗೆ ಆ ಪುಸ್ತಕಗಳನ್ನೇ ಬೇಡಿ ತಂದೆ, 60ರ ಹತ್ತಿರ. ಅಂಕಿ ತುಂಬಲು ಹುಡುಗನೊಬ್ಬನಿಗೆ ಆರು ಸಾವಿರ ಕೊಟ್ಟರೆ, ಊರಿನ ರಂಗೇಗೌಡರನ್ನೆಲ್ಲ ಸೇರಿಸಿ ಒಂದೇ ಮನೆ ಮಾಡಿಟ್ಟಿದ್ದ. ತಿದ್ದಲು ನನಗೆ ಎರಡು ತಿಂಗಳು ಬೇಕಾಯಿತು. ಜೆರಾಕ್ಸ್, ಬಸ್ಸು ಎಲ್ಲ ಸೇರಿ 25 ಸಾವಿರದಷ್ಟು ಕೈಯಿಂದಲೇ ಹೋಯಿತು.

ಆದರೆ ಗುಟ್ಟು ಇದ್ದದ್ದು ಅಲ್ಲಿಯೇ. ಕೊಟ್ಟದ್ದು ಹೆಚ್ಚು, ಬಂದದ್ದು ಕಡಿಮೆ, ಮಗಳ ಮದುವೆ ಇನ್ನೂ ಬಾಕಿ: ಅಂತಹ ಮನೆಯ ಹೊಸ್ತಿಲು ಬಹಳ ಎತ್ತರ. ಬರಬೇಕಾದದ್ದು ಬಂದು ಮುಗಿದ ಮನೆಯೇ ಮೊದಲು ಬಿಡುತ್ತದೆ. ಹೊಸ್ತಿಲನ್ನು ಬರಬೇಕಾದ ಮುಯ್ಯಿಯ ಬಾಕಿಯ ಮೇಲೆ ನಿಲ್ಲಿಸಿದ ನಂತರ ಮಾದರಿ ಊರಿನಂತೆಯೇ ನಡೆಯತೊಡಗಿತು. ಕಾಲವನ್ನು ತಿಂಗಳಲ್ಲಿ ಎಣಿಸಿದ್ದೂ ತಪ್ಪೇ, ಆಷಾಢದಲ್ಲಿ ಮದುವೆ ಎಲ್ಲಿಂದ ಬರಬೇಕು? ಒಂದು ಮದುವೆಗೆ ಒಂದು ಹೆಜ್ಜೆ ಎಂದು ಬದಲಿಸಿದೆ. ತವರಿನ ನಂಟಿಗೆ ಎಷ್ಟು ತೂಕ ಕೊಟ್ಟೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ.

ನಡುವೆ 24 ವಿದ್ಯಾರ್ಥಿಗಳಿಂದ, ಚಿತ್ರವೊಂದಕ್ಕೆ ಎಲ್ಲರೂ ಒಪ್ಪುವ ಹೆಸರಿಡುವ ಆಟವನ್ನೂ ಆಡಿಸಿದೆ. ಹಟ ಹಿಡಿದ ಕಾಲುಭಾಗ ಮಂದಿ ರೂಢಿಯನ್ನು ಉರುಳಿಸಬಲ್ಲರು ಎಂದು ಸಮಾಜಶಾಸ್ತ್ರಜ್ಞ ಸೆಂಟೋಲಾ ಅವರ ತಂಡ 2018ರಲ್ಲಿ ತೋರಿಸಿತ್ತಲ್ಲ, ಅದನ್ನು ಕಣ್ಣಾರೆ ನೋಡುವ ಆಸೆ. ಬೇರೆ ಹೆಸರಿಗೆ ಅಂಟಿಕೊಳ್ಳಲು ನಾಲ್ವರಿಗೆ ಹೇಳಿಕೊಟ್ಟಾಗ ಏನೂ ಅಲುಗಲಿಲ್ಲ. ಆರು ಮಂದಿಗೆ ಹೇಳಿಕೊಟ್ಟಾಗ ಎರಡರಲ್ಲಿ ಒಂದು ಸಲ ಉರುಳಿತು. ನಮ್ಮ ಊರುಗಳಲ್ಲಿ ಅಷ್ಟು ಬೇಕಾಗಲಿಲ್ಲ. ಬಾಕಿಯಿಲ್ಲದ, ನೆಂಟರು ಹೆಚ್ಚಿರುವ ಏಳೆಂಟು ಮನೆ ಸಾಕಾಯಿತು.

ಮಾಘದಲ್ಲಿ, ಬರಲಿರುವ 40 ಮದುವೆಗಳ ಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಇರುತ್ತದೆಯೇ ಇಲ್ಲವೇ ಎಂದು ಬರೆದು, ಲಕೋಟೆ ಅಂಟಿಸಿ, ನಂಬದ ಸಹೋದ್ಯೋಗಿಯ ಕೈಗೇ ಕೊಟ್ಟೆ. ವೈಶಾಖ ಕಳೆದು ಒಡೆದು ನೋಡಿದರೆ 31 ಸರಿ. ಒಂದರಲ್ಲೂ ಇರುವುದಿಲ್ಲ ಎಂದು ಬರೆದಿದ್ದರೆ 22 ಸರಿಯಾಗುತ್ತಿತ್ತು.

ತಪ್ಪಿದವುಗಳಲ್ಲಿ ಐದಾರು, ಮಗ ಬೆಂಗಳೂರಿನಲ್ಲಿದ್ದು ಅಲ್ಲಿಯೇ ಪತ್ರಿಕೆ ಮಾಡಿಸಿದ ಮನೆಗಳು. ಅವರ ಸ್ನೇಹಿತರ ಬಳಗ ಮುಯ್ಯಿ ಪುಸ್ತಕದಲ್ಲಿ ಇರುವುದೇ ಇಲ್ಲ. ಈಗ ಆ ಸ್ನೇಹಿತರ ಪಟ್ಟಿಗಳನ್ನು ಕೇಳುತ್ತಿದ್ದೇನೆ, ಇಬ್ಬರು ಕೊಟ್ಟಿದ್ದಾರೆ.