ಬಚ್ಚಲೊಲೆ ಪಕ್ಕದ ತಬ್ಬಲಿ ಕುರಿಮರಿ

ಭತ್ತದ ಕೊಯ್ಲು ಮುಗಿದ ಮೇಲೆ ಶಿಕಾರಿಪುರ, ಸೊರಬದ ಕಡೆ ಗದ್ದೆಗಳಿಗೆ ಕುರಿಮಂದೆ ಬರುತ್ತದೆ. ಗೊಬ್ಬರ ಸಿಗಲಿ ಎಂದು ರೈತರೇ ಕರೆದು ಕುರಿ ತರುಬಿಸುತ್ತಾರೆ, ಅಂದರೆ ಗದ್ದೆಯಲ್ಲಿ ಮಂದೆ ನಿಲ್ಲಿಸುತ್ತಾರೆ. ಮಂದೆ ಮುಂದಿನ ಊರಿಗೆ ಹೊರಟಾಗ ತಾಯಿ ಸತ್ತ ಮರಿಯೊಂದು ನಡೆಯಲಾರದೆ ಉಳಿಯುವುದುಂಟು. "ನೀವೇ ಸಾಕ್ಕೊಳ್ಳಿ ಅಕ್ಕಾ" ಎಂದು ಕುರಿಗಾಹಿ ಅಂಗಳದಲ್ಲಿ ಬಿಟ್ಟು ಹೋಗುತ್ತಾರೆ. ನಮ್ಮ ಮನೆಗೆ ಮೊದಲ ಮರಿ ಬಂದದ್ದು ಹಾಗೆ.

ಮರಿ ಕಂಡ ಕೂಡಲೇ ಹಾಲು ಕಾಯಿಸಲು ಓಡಬೇಡಿ. ಮೊದಲು ಅದರ ಬಾಯೊಳಗೆ ಬೆರಳಿಡಿ. ತಣ್ಣಗಿದ್ದರೆ ಹಾಲು ಬೇಡವೇ ಬೇಡ. ಕುರಿಮರಿಯ ಮೈಬಿಸಿ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. 99ಕ್ಕಿಂತ ಇಳಿದ ಮರಿಗೆ ಸರಿಯಾಗಿ ನುಂಗಲು ಆಗುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಳೆ ಟವೆಲಿನಿಂದ ಚೆನ್ನಾಗಿ ಉಜ್ಜಿ, ಬುಟ್ಟಿಯಲ್ಲಿ ಗೋಣಿಚೀಲ ಹಾಸಿ, ಬಚ್ಚಲೊಲೆಯಿಂದ ಎರಡು ಮಾರು ದೂರ ಇಡಿ. ಹೊಗೆ ತಾಗಬಾರದು. ಹುಟ್ಟಿ ಐದಾರು ಗಂಟೆ ಕಳೆದು, ತಲೆ ಎತ್ತಲೂ ಆಗದಷ್ಟು ತಣ್ಣಗಾಗಿದ್ದರೆ ಬಿಸಿ ಮಾಡುವ ಮೊದಲೇ ಗ್ಲೂಕೋಸ್ ಚುಚ್ಚುಮದ್ದು ಬೇಕು. ಅದು ಪಶುವೈದ್ಯರ ಕೆಲಸ. ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ.

ಬೆಚ್ಚಗಾದ ಮೇಲೆ ಗಿಣ್ಣು ಹಾಲು. ರೋಗ ತಡೆಯುವ ಶಕ್ತಿ ಮರಿಗೆ ಸಿಗುವುದು ಅದರಿಂದಲೇ, ಅದೂ ಮೊದಲ 24 ಗಂಟೆಯೊಳಗೆ. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಊರಲ್ಲಿ ಮರಿ ಹಾಕಿದ ಆಡೋ ಕುರಿಯೋ ಇದ್ದರೆ ಸರಿ, ಇಲ್ಲವಾದರೆ ಕರು ಹಾಕಿದ ಹಸುವಿನದೂ ಆಗುತ್ತದೆ. ಪಕ್ಕದ ಮನೆಯವರು ಬೆಲ್ಲ, ಏಲಕ್ಕಿ ಹಾಕಿ ಬೇಯಲು ಇಡುವ ಮೊದಲೇ ಕೇಳಬೇಕು, ಅಷ್ಟೆ! ಅದನ್ನು ಕುದಿಸಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಉಗುರುಬೆಚ್ಚಗೆ ಮಾಡಿ. ಒಂದು ಸಲಕ್ಕೆ ಕೆಜಿ ತೂಕಕ್ಕೆ 50 ಎಂ.ಎಲ್. ಅಂದರೆ ಮೂರು ಕೆಜಿ ಮರಿಗೆ 150 ಎಂ.ಎಲ್., ದಿನಕ್ಕೆ ನಾಲ್ಕು ಸಲ.

ಎರಡನೆಯ ದಿನದಿಂದ ಮಾಮೂಲಿ ಹಸುವಿನ ಹಾಲು ಸಾಕು. ನೀರು ಬೆರೆಸಬೇಡಿ. ಕುರಿ ಹಾಲು ಹಸುವಿನದಕ್ಕಿಂತ ಗಟ್ಟಿ, ಇನ್ನೂ ತೆಳು ಮಾಡಿದರೆ ಮರಿಗೆ ಸಿಗುವುದೇನು? ಮೂರು ಕೆಜಿ ಮರಿಗೆ ದಿನಕ್ಕೆ 450 ಎಂ.ಎಲ್.ನಿಂದ ಶುರು ಮಾಡಿ, ಐದು ಸಲ ಹಂಚಿ ಕೊಡಿ. ಆಮೇಲೆ ತೂಕ ನೋಡಿ ಏರಿಸಿ. ಮರಿ ನಿಂತೇ ಕುಡಿಯಬೇಕು. ಮಗುವಿನ ಹಾಗೆ ಮಡಿಲಲ್ಲಿ ಅಂಗಾತ ಮಲಗಿಸಿ ಕುಡಿಸುವ ಫೋಟೋ ನೋಡಲು ಚೆಂದ, ಮರಿಗೆ ಕುತ್ತು.

ಅರಚಿದಾಗೆಲ್ಲ ಬಾಟಲಿ ಹಿಡಿಯಬೇಡಿ. ನಮ್ಮ ಮೊದಲ ಮರಿ ಸತ್ತದ್ದು ಹಾಗೆ. ನಾನು, ಅತ್ತೆ, ಮಕ್ಕಳು ಒಬ್ಬರಿಗೊಬ್ಬರು ಹೇಳದೆ ಕುಡಿಸಿದ್ದೆವು. ಹೊಟ್ಟೆ ಉಬ್ಬಿ ರಾತ್ರಿ ಹೋಯಿತು. ಈಗ ಅಡುಗೆಮನೆ ಕ್ಯಾಲೆಂಡರಿನಲ್ಲಿ ಪ್ರತಿ ಸಲವೂ ಗೀಟು ಹಾಕುತ್ತೇವೆ. ಭೇದಿ ಶುರುವಾದರೆ ಒಂದೆರಡು ಸಲ ಹಾಲಿನ ಬದಲು ಓಆರ್‌ಎಸ್ ಕೊಡಿ. ರಕ್ತ ಕಂಡರೆ, ಮರಿ ಸಪ್ಪೆಯಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ದನದ ಕೊಟ್ಟಿಗೆಯ ಸೊಪ್ಪಿನ ಹಾಸು ಮರಿಗೆ ಆಗದು, ಥಂಡಿ. ಅಡಿಕೆ ದಬ್ಬೆಯ ಸಣ್ಣ ಅಟ್ಟಣಿಗೆ ಮಾಡಿ, ಕಾಲು ಸಿಕ್ಕದಷ್ಟು ಸಂದು ಬಿಡಿ. ಎರಡು ವಾರಕ್ಕೆ ಎಳೆ ಹುಲ್ಲು, ಹಲಸಿನ ಸೊಪ್ಪು, ಒಂದು ಚಿಟಿಕೆ ಹಿಂಡಿ ತೋರಿಸಿ. ನೀರು ಸದಾ ಇರಲಿ. ಮೇವು ಚೆನ್ನಾಗಿ ತಿನ್ನುತ್ತಿದ್ದರೆ ಎರಡು ತಿಂಗಳಿಗೆ ಹಾಲು ಬಿಡಿಸಬಹುದು. ಮೂರು ತಿಂಗಳಾಗುತ್ತಲೇ ಪಿಪಿಆರ್ ಎಂಬ ಸಾಂಕ್ರಾಮಿಕ ರೋಗ, ಕರುಳುಬೇನೆ ಇವುಗಳ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ನಮ್ಮ ಸೀಮೆಗೆ ಇನ್ನೊಂದು ಮಾತು. ಕೊಳೆ ರೋಗಕ್ಕೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಹಸು ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆಯದು. ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಸೇರುತ್ತಾ ಹೋಗಿ, ಒಂದು ದಿನ ಮೂತ್ರ ಕೆಂಪಾಗಿ, ಕಣ್ಣು ಹಳದಿಯಾಗಿ ಮಲಗಿಬಿಡುತ್ತದೆ. ಔಷಧಿ ಹೊಡೆದ ತೋಟದ ಹುಲ್ಲು ಹಾಕಬೇಡಿ. ದನದ ಖನಿಜ ಪುಡಿಯೂ ಬೇಡ.

ಗಂಡು ಮರಿಯ ಹಣೆ ಮಾತ್ರ ನೇವರಿಸಬೇಡಿ, ಗದ್ದದ ಕೆಳಗೆ ತುರಿಸಿ. ಕೈಯಲ್ಲಿ ಬೆಳೆದದ್ದಕ್ಕೆ ಮನುಷ್ಯರ ಹೆದರಿಕೆ ಇರುವುದಿಲ್ಲ. ನಮ್ಮ ಎರಡನೆಯ ಮರಿ ಟಗರಾಗಿ, ಹಾಲು ಕುಡಿಸಿದ ಅತ್ತೆಯವರನ್ನೇ ಬಚ್ಚಲ ಬಾಗಿಲಲ್ಲಿ ಗುದ್ದಿತ್ತು.